ಮುಟ್ಟಿಸಬೇಕಾದ ಗಂಟು

ಸಿಂಗಪುರದಲ್ಲಿರುವ ತಂಗಿಯ ಮನೆಗೆ ಹೋಗಿಬರಲು ನನಗೆ ಟಿಕೆಟ್ ತೆಗೆಸಿದವನು ತಂಗಿಯ ಗಂಡ. ನೇರ ವಿಮಾನ ಬೇಸಿಗೆಯಲ್ಲಿ ದುಬಾರಿ ಎಂದು ಎರಡು ಅಗ್ಗದ ವಿಮಾನ ಜೋಡಿಸಿದ್ದ. ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಒಂದು, ಅಲ್ಲಿಂದ ಸಿಂಗಪುರಕ್ಕೆ ಇನ್ನೊಂದು. ಎರಡೂ ಬೇರೆ ಕಂಪನಿ, ಬೇರೆ ಟಿಕೆಟ್. ಅವನು ಫೋನಿನಲ್ಲಿ ಮೂರು ಸಲ ಹೇಳಿದ್ದನ್ನು ನಾನು ಹಳೇ ಕ್ಯಾಲೆಂಡರಿನ ಹಿಂದೆ ಬರೆದು, ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ನಡುವಿನ ಊರಿನಲ್ಲಿ ಪೆಟ್ಟಿಗೆ ತಾನಾಗಿಯೇ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ಇಳಿಯಬೇಕು, ಆ ದೇಶದೊಳಗೆ ಹೋಗುವವರ ಹಾಗೆ ಇಮಿಗ್ರೇಶನ್ ಸಾಲಿನಲ್ಲಿ ನಿಂತು ಪಾಸ್‌ಪೋರ್ಟ್ ತೋರಿಸಬೇಕು, ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬರಬೇಕು, ಮೇಲಿನ ಮಹಡಿಗೆ ಹೋಗಿ ಎರಡನೇ ಕಂಪನಿಯ ಕೌಂಟರಿನಲ್ಲಿ ಮತ್ತೆ ತೂಗಿಸಿ ಕೊಡಬೇಕು. ಬಳ್ಳಾರಿಗೆ ಹೋಗುವಾಗ ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿದ ಹಾಗೆ, ಅಷ್ಟೇ ತಾನೇ ಅಂದುಕೊಂಡೆ.

ತಂಗಿ ಕೇಳಿದ್ದು ಒಂದು ರೊಟ್ಟಿ ಹಂಚು ಮಾತ್ರ. ಉಳಿದದ್ದೆಲ್ಲ ನನ್ನ ಆಸೆ. ಎರಡು ಮಿಕ್ಸಿ ಜಾರು, ಎಂಟು ನೈಟಿ, ನಮ್ಮ ಕೊಟ್ಟೂರಿನ ಖಾರಾ ಮಂಡಕ್ಕಿ ನಾಲ್ಕು ಪಾಕೀಟು, ಬಟ್ಟೆ ತೊಳೆಯುವ ಬಾರ್ ಸೋಪು ಆರು. ನನ್ನ ಟಿಕೆಟ್ಟಿಗೆ ಇಪ್ಪತ್ತು ಕಿಲೋ ಮಿತಿ, ಮನೆಯಲ್ಲಿ ತೂಗುವ ಅನುಕೂಲವಿರಲಿಲ್ಲ. ನಮ್ಮ ಮನೆಯವರು ಪೆಟ್ಟಿಗೆಯನ್ನು ಒಮ್ಮೆ ಎತ್ತಿ ನೋಡಿ, "ಇಪ್ಪತ್ತರ ಒಳಗೇ ಐತಿ" ಅಂದರು. ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲ ಹೊರಗಿದ್ದ ತೂಕದ ಯಂತ್ರದಲ್ಲಿ ಅದು ಇಪ್ಪತ್ತೈದು ತೂಗಿತು.

"ಸಿಂಗಪುರದಾಗ ಹಂಚು ಸಿಗೋದಿಲ್ಲೇನು? ಅಲ್ಲಿಯವರು ಒಲಿ ಹಚ್ಚೋದಿಲ್ಲೇನು?" ಅಂತ ನಮ್ಮ ಮನೆಯವರು ನಿಂತಲ್ಲೇ ಶುರು ಮಾಡಿದರು. ಅವರ ಬಾಯಿ ಮುಚ್ಚಿಸಿ ನಾನು ಪೆಟ್ಟಿಗೆ ಬಿಚ್ಚಿದೆ. ಹಂಚು, ಜಾರು, ನೈಟಿ, ಸೋಪು ಎಲ್ಲ ಹೊರಗೆ ತೆಗೆದು ಒಂದು ಹಳೇ ಹತ್ತಿ ಸೀರೆಯಲ್ಲಿ ಗಂಟು ಕಟ್ಟಿದೆ. ಗಂಟು ಐದು ಕಿಲೋ ಆಯಿತು. ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ಆಗಲೇ ನಮ್ಮ ಕಡೆಯ ಮಾತು ಕಿವಿಗೆ ಬಿತ್ತು. ಹಿಂದೆ ನಿಂತಿದ್ದ ಗಂಡಸು ತನ್ನ ಅಕ್ಕನಿಗೆ, "ಕಾಗದ ಎಲ್ಲಾ ಈ ಚೀಲದಾಗ ಅದಾವು, ಯಾರು ಕೇಳಿದ್ರೂ ಇದನ್ನ ತೋರ್ಸು" ಅನ್ನುತ್ತಿದ್ದ. ಯಾವೂರು ಎಂದು ಕೇಳಿದೆ. ಅರಸೀಕೆರೆ, ಹರಪನಹಳ್ಳಿ ತಾಲೂಕು. ಕುರಿ ಸಾಕುವ ಮನೆತನ, ಜೊತೆಗೆ ಸ್ವಲ್ಪ ಮೆಕ್ಕೆಜೋಳದ ಹೊಲ. ಆ ಅಕ್ಕನಿಗೆ ನನಗಿಂತ ಐದಾರು ವರ್ಷ ಹೆಚ್ಚಿರಬೇಕು. ಮಗಳು ಸಿಂಗಪುರದ ಆಸ್ಪತ್ರೆಯಲ್ಲಿ ನರ್ಸು, ಚೊಚ್ಚಿಲ ಹೆರಿಗೆ ಹತ್ತಿರ ಬಂದಿತ್ತು. ಬಾಣಂತನಕ್ಕೆ ತಾಯಿ ಹೊರಟಿದ್ದಳು. ನಾನು ಹತ್ತಬೇಕಾದ ಎರಡು ವಿಮಾನಗಳೇ ಆಕೆಯವೂ.

ತಮ್ಮನಿಗೆ ಹೋದ ಜೀವ ಬಂದಂತಾಯಿತು. "ಅಕ್ಕಾರ, ದೇವರು ಸಿಕ್ಕಂಗ ಸಿಕ್ರಿ. ನಮ್ಮಕ್ಕಗ ಓದು ಬರೋದಿಲ್ರಿ. ನಡುವ ಇಳಿದು ಸಾಮಾನು ತಗೊಂಡು ಮತ್ತ ಹತ್ತಬೇಕಂತ. ಸ್ವಲ್ಪ ನೋಡ್ಕೊಳ್ರಿ."

"ಅದಕ್ಯಾಕ ಚಿಂತಿ, ನಾ ಇರ್ತೀನಲ್ಲ" ಅಂದೆ. ಅನ್ನುವಾಗಲೇ ನನ್ನ ಕಣ್ಣು ಆಕೆಯ ಪೆಟ್ಟಿಗೆಯ ಮೇಲಿತ್ತು. ಅದು ಹದಿನೆಂಟು ತೂಗಿತ್ತು. ಆಕೆಯ ಟಿಕೆಟ್ಟಿಗೆ ಇಪ್ಪತ್ತೈದರವರೆಗೆ ಅವಕಾಶವಿತ್ತು.

ನಮ್ಮ ಕಡೆ ಸಾಮಾನು ಕೊಟ್ಟು ಕಳಿಸುವುದು ಹೊಸದಲ್ಲ. ಹಡಗಲಿಯ ಬೀಗರ ಮನೆಗೆ ಉಪ್ಪಿನಕಾಯಿ ಹೋಗಬೇಕೆಂದರೆ ಬಸ್ ಸ್ಟ್ಯಾಂಡಿಗೆ ಹೋಗಿ, ಆ ಬಸ್ಸಿನಲ್ಲಿ ಕೂತ ಯಾರದಾದರೂ ತೊಡೆಯ ಮೇಲಿಟ್ಟು "ಮುಟ್ಟಿಸಿಬಿಡ್ರಿ" ಅಂದರೆ ಮುಗಿಯಿತು. ಏನಿದೆ ಎಂದು ಯಾರೂ ಕೇಳುವುದಿಲ್ಲ, ಬಿಚ್ಚುವುದಿಲ್ಲ. ಒಮ್ಮೆ ಹಗರಿಬೊಮ್ಮನಹಳ್ಳಿಯಲ್ಲಿ ಗುರುತಿಲ್ಲದವರೊಬ್ಬರು ಹೆಪ್ಪು ಹಾಕಿದ ಮೊಸರಿನ ಗಡಿಗೆಯನ್ನು ನನ್ನ ಕೈಗೆ ಕೊಟ್ಟರು. ಕೊಟ್ಟೂರಿನವರೆಗೆ ಅದನ್ನು ಅಲುಗಾಡದ ಹಾಗೆ ಹಿಡಿದು ಕೂತೆ. ಇಳಿಯುವ ಗಡಿಬಿಡಿಯಲ್ಲಿ ನನ್ನ ತರಕಾರಿ ಚೀಲ ಬಸ್ಸಿನಲ್ಲೇ ಉಳಿಯಿತು. ಮನೆಯಲ್ಲಿ ಯಾರೂ ಬೈಯಲಿಲ್ಲ. ನಮ್ಮ ಸಾಮಾನು ಹೋದರೆ ಹೋಯಿತು, ಇನ್ನೊಬ್ಬರದು ಮುಟ್ಟಬೇಕು, ಅಷ್ಟೇ.

"ಯವ್ವಾ, ನಿನ್ನ ಪೆಟ್ಟಿಗಿ ಹಗರೈತಿ. ಈ ಗಂಟು ಇಟ್ಕೋ. ನಾ ನಿನ್ನ ಜೊತಿಗೇ ಇರ್ತೀನಿ" ಅಂದೆ. ಆಕೆ ನನಗೆ ಅಕ್ಕಾರ, ಬರ್ರಿ, ಹೋಗ್ರಿ ಅನ್ನುತ್ತಿದ್ದಳು. ವಯಸ್ಸಿನಲ್ಲಿ ಕಿರಿಯಳಾದ ನಾನು ಮೊದಲ ಮಾತಿಗೇ ನೀನು ಅಂದುಬಿಟ್ಟಿದ್ದೆ. ಗಂಟನ್ನು ಪೆಟ್ಟಿಗೆಯ ತಳಕ್ಕೆ ತುರುಕುವಾಗ ಜಾರು ಒಡೆದೀತು ಅನ್ನಿಸಿ, "ಹುಷಾರು, ಅದ್ರಾಗ ದೇವರ ಸಾಮಾನದಾವ" ಅಂತಲೂ ಸೇರಿಸಿದೆ. ಯಾಕೆ ಹಾಗಂದೆ? ಮಿಕ್ಸಿ ಜಾರು ಅಂದರೆ ಮೆಲ್ಲಗೆ ಇಡುವುದಿಲ್ಲ, ದೇವರು ಅಂದರೆ ಇಡುತ್ತಾಳೆ ಅಂತ. ಆಕೆ ಕೂಡಲೇ ತನ್ನ ಬಟ್ಟೆ ತೆಗೆದು ಗಂಟಿನ ಸುತ್ತ ಒತ್ತಾಗಿ ಇಟ್ಟಳು. "ಬ್ಯಾರೆಯವರದು ಏನಾರ ಐತೇನು ಅಂತ ಕೇಳ್ತಾರ. ಎಲ್ಲಾ ನಂದೇ ಅನ್ನು" ಎಂದು ಹೇಳಿಕೊಟ್ಟವಳೂ ನಾನೇ. ಕೌಂಟರಿನವರು ಕೇಳಿದಾಗ ಆಕೆ ನನ್ನ ಮುಖ ನೋಡಿ, "ನಂದೇ" ಅಂದಳು.

ವಿಮಾನದಲ್ಲಿ ಆಕೆ ತನ್ನ ಅಂಟಿನುಂಡೆಯ ಸುದ್ದಿ ಹೇಳಿದಳು. ಮೂರು ದಿನ ಕೂತು ಮಾಡಿದ್ದಂತೆ. ಎಮ್ಮೆ ತುಪ್ಪ ಮನೆಯದೇ. ಕೊಬ್ಬರಿ, ಉತ್ತತ್ತಿ, ಅಂಟು, ಶುಂಠಿ, ಎಲ್ಲ ಲೆಕ್ಕವಾಗಿ. "ಗಸಗಸಿ ಒಂದು ಹಾಕಿಲ್ರಿ ಅಕ್ಕಾರ. ಆ ದೇಶದಾಗ ಅದನ್ನ ಬಿಡೋದಿಲ್ಲಂತ, ಮಗಳು ಹತ್ತು ಸಲ ಹೇಳ್ಯಾಳ. ಆಕಿ ಸಣ್ಣಾಕಿದ್ದಾಗಿಂದ ಬಲ ಕಡಿಮಿ. ಆಸ್ಪತ್ರ್ಯಾಗ ನಿಂತೇ ಕೆಲಸ. ಇದು ಒಂದು ಹೊಟ್ಟಿಗೆ ಬಿದ್ರ ನನಗ ಸಮಾಧಾನ." ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಉಂಡೆ, ಬಾಣಂತಿಗೆ ನಲವತ್ತು ದಿನಕ್ಕೆ ಸರಿಯಾಗಿ, ದಿನಕ್ಕೊಂದು.

ಬೆಳಿಗ್ಗೆ ಕ್ವಾಲಾಲಂಪುರದಲ್ಲಿ ಇಳಿದೆವು. ಎರಡನೇ ವಿಮಾನಕ್ಕೆ ಐದು ತಾಸು ಇತ್ತು. ಇಮಿಗ್ರೇಶನ್ ಸಾಲು ಹಾವಿನ ಹಾಗೆ ಸುತ್ತಿ ಸುತ್ತಿ ನಿಂತಿತ್ತು. ಹತ್ತಿರ ಬಂದಾಗ ಅಲ್ಲಿನವರು ನನ್ನನ್ನು ಒಂದು ಕಿಂಡಿಗೆ, ಆಕೆಯನ್ನು ಪಕ್ಕದ ಕಿಂಡಿಗೆ ಕಳಿಸಿದರು. ನನ್ನದು ಎರಡು ನಿಮಿಷದಲ್ಲಿ ಮುಗಿಯಿತು. ಬೆರಳು ಒತ್ತಿದೆ, ಕ್ಯಾಮೆರಾ ನೋಡಿದೆ, ಹೋಗಿ ಅಂದರು. ದಾಟಿ ತಿರುಗಿ ನೋಡಿದರೆ ಆಕೆಯ ಬೆರಳನ್ನು ಮಷಿನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕುರಿ ಉಣ್ಣೆ ಕತ್ತರಿಸಿ, ಕಳೆ ಕಿತ್ತು, ಸವೆದ ಬೆರಳು. ಆಕೆ ಅವನ್ನು ತಲೆಗೂದಲಿಗೆ ತಿಕ್ಕಿ ಎಣ್ಣೆ ಹತ್ತಿಸಿ ಮತ್ತೆ ಒತ್ತಿದಳು. ನಮ್ಮಲ್ಲಿ ರೇಷನ್ ಅಂಗಡಿಯ ಮುಂದೆ ಎಲ್ಲರೂ ಮಾಡುವುದು ಅದನ್ನೇ. ಆಗಲಿಲ್ಲ. ಅಧಿಕಾರಿ ಏನೋ ಕೇಳಿದ. ಆಕೆ ಕಾಗದದ ಚೀಲ ಮುಂದೆ ಹಿಡಿದಳು. ಆಮೇಲೆ ಇನ್ನೊಬ್ಬ ಬಂದು ಆಕೆಯನ್ನು ಒಂದು ಬದಿಯ ಕೋಣೆಯ ಕಡೆ ಕರೆದುಕೊಂಡು ಹೋದ. ಹೋಗುವಾಗ ಆಕೆ ಸುತ್ತ ನೋಡಿದಳು. ನನ್ನನ್ನೇ ಹುಡುಕಿದಳು.

ದಾಟಿದ ಗೆರೆಯನ್ನು ಹಿಂದೆ ದಾಟುವ ಹಾಗಿಲ್ಲ ಎಂದು ಫಲಕ ಹಾಕಿದ್ದರು, ನಿಜ. ಆದರೆ ಅಲ್ಲೇ ನಿಂತಿದ್ದ ಕಾವಲಿನ ಹೆಂಗಸಿಗೆ ಎರಡು ಮಾತು ಹೇಳಬಹುದಿತ್ತು. ಪಿಯುಸಿವರೆಗೆ ಓದಿದ ಇಂಗ್ಲಿಷು ಅಷ್ಟಕ್ಕೆ ಸಾಕಿತ್ತು. ಕೈ ಎತ್ತಿ ಇಲ್ಲಿದ್ದೇನೆ ಎಂದು ತೋರಿಸಬಹುದಿತ್ತು. ನನಗೆ ಬಂದ ಯೋಚನೆ ಬೇರೆ: ಆ ಕೋಣೆಗೆ ನನ್ನನ್ನೂ ಕರೆದರೆ ವಿಮಾನ ತಪ್ಪೀತು, ಪೆಟ್ಟಿಗೆ ಪಟ್ಟಿಯ ಮೇಲೆ ಸುತ್ತುತ್ತಿರುತ್ತದೆ, ಯಾರಾದರೂ ಎತ್ತಿಕೊಂಡು ಹೋದಾರು. ಆಕೆಯ ಪೆಟ್ಟಿಗೆಯಲ್ಲಿ ನನ್ನ ಗಂಟಿದೆ. ಹಾಗಂದುಕೊಂಡು ಕೆಳಗಿಳಿದು ಹೋದೆ.

ಎರಡೂ ಪೆಟ್ಟಿಗೆ ಎತ್ತಿ ಗಾಡಿಯ ಮೇಲಿಟ್ಟು ಕಾದೆ. ಒಂದು ತಾಸಿನ ಮೇಲಾಯಿತು. ಚಹಾ ಕುಡಿದೆ, ತಂಗಿಗೆ ಮುಟ್ಟಿದ್ದೇನೆಂದು ಸುದ್ದಿ ಕಳಿಸಿದೆ. ಕೊನೆಗೆ ಆಕೆ ಬಂದಳು, ಕಸ ಗುಡಿಸುವ ಒಬ್ಬ ತಮಿಳು ಹೆಂಗಸಿನ ಕೈ ಹಿಡಿದುಕೊಂಡು. ಅವಳು ಅರ್ಧ ತಮಿಳು ಅರ್ಧ ಕೈಸನ್ನೆಯಲ್ಲಿ ದಾರಿ ತೋರಿಸಿದ್ದಳಂತೆ. ನಾನು ಮಾಡಿದ್ದೇನೆಂದರೆ ಗದರಿದ್ದು. "ಎಲ್ಲಿಗೆ ಹೋಗಿದ್ದಿಬೇ, ನನಗೆಷ್ಟು ಗಾಬರಿ ಆಗೈತಿ ಗೊತ್ತೇನು?"

"ತಪ್ಪಾತ್ರಿ ಅಕ್ಕಾರ" ಅಂದಳು ಆಕೆ. ಆಮೇಲೆ ಬೆರಳು ನೋಡಿಕೊಂಡು ನಕ್ಕಳು. "ಈ ಕೈಯಾಗ ಗೀಟೇ ಉಳಿದಿಲ್ಲ ನೋಡ್ರಿ. ರೇಷನ್ ಅಂಗಡ್ಯಾಗೂ ಹಿಂಗ ಮಾಡತೈತಿ. ಅಲ್ಲಿ ಆದ್ರ ಅಕ್ಕಿನಾರ ಕೊಡತಾರ."

ಎರಡನೇ ಕಂಪನಿಯ ಕೌಂಟರು. ನನ್ನ ಪೆಟ್ಟಿಗೆ ಇಪ್ಪತ್ತಕ್ಕೆ ಸರಿಯಾಗಿ ನಿಂತಿತು, ಹೋಯಿತು. ಆಕೆಯದು ಇಪ್ಪತ್ತಮೂರು. ಮೊದಲ ಟಿಕೆಟ್ಟಿಗೆ ಇಪ್ಪತ್ತೈದಿದ್ದ ಅವಕಾಶ ಈ ಟಿಕೆಟ್ಟಿಗೆ ಇಪ್ಪತ್ತೇ ಇತ್ತು. ಈ ಕಂಪನಿಯಲ್ಲಿ ಎಲ್ಲರಿಗೂ ಇಪ್ಪತ್ತೇ ಎಂದು ನನ್ನ ಕ್ಯಾಲೆಂಡರಿನ ಕಾಗದದಲ್ಲೂ ಬರೆದಿತ್ತು, ಗಂಟು ಕೊಡುವ ಹೊತ್ತಿಗೆ ನಾನು ಓದಲಿಲ್ಲ. ಕೌಂಟರಿನ ಹುಡುಗಿ ಮೂರು ಕಿಲೋ ತೆಗೆಯಿರಿ, ಇಲ್ಲವಾದರೆ ಹೆಚ್ಚಿನ ತೂಕಕ್ಕೆ ಹಣ ಕಟ್ಟಿದರೂ ಆಗುತ್ತದೆ ಎಂದಳು. ಕಿರುಚಾಡಲಿಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದಳು. ನಮ್ಮ ಕೈಚೀಲಗಳನ್ನೂ ತೂಗಿ ಆಗಿತ್ತು, ಅವುಗಳಲ್ಲೂ ಇನ್ನು ಹಾಕುವ ಹಾಗಿರಲಿಲ್ಲ. ಆಕೆ ನನ್ನ ಕಡೆ ತಿರುಗಿ, "ಏನಂತಾರ್ರಿ?" ಅಂದಳು.

"ಮೂರು ಕಿಲೋ ಜಾಸ್ತಿ ಐತಂತ. ತೆಗೀಬೇಕಂತ."

ಹಣ ಕಟ್ಟುವ ಮಾತನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಕಟ್ಟಬೇಕಾದವಳು ನಾನು, ಮತ್ತು ಅಷ್ಟು ಹಣ ನನ್ನ ಪರ್ಸಿನಲ್ಲಿತ್ತು.

ಸಾಲು ಬಿಟ್ಟು ಪಕ್ಕಕ್ಕೆ ಬಂದು ಆಕೆ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದಳು. ಮೇಲೆ ಸೀರೆ, ಕೂಸಿಗೆ ಹೊಲಿದ ಕುಲಾವಿ, ಹಳೇ ಪಂಚೆ ಹರಿದು ಮಾಡಿದ ಮೆತ್ತನೆ ಬಟ್ಟೆ. ತೂಕ ಇದ್ದದ್ದು ಎರಡರಲ್ಲೇ. ನನ್ನ ಗಂಟು, ಆಕೆಯ ಡಬ್ಬಿ. ಆಕೆ ಗಂಟಿನ ಮೇಲೆ ಕೈ ಇಟ್ಟಳು, ನನ್ನ ಮುಖ ನೋಡಿದಳು. ಒಂದು ಗಳಿಗೆ ಹಾಗೇ ನೋಡಿದಳು.

ಅದು ಹಂಚು, ತೆಗೆದು ಬಿಸಾಕು ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ನನ್ನ ಬಾಯಿ ಕಟ್ಟಿದ್ದು ಹಂಚಿನ ಬೆಲೆಯಲ್ಲ. ಗಂಟು ಬಿಚ್ಚಿದರೆ ಅಷ್ಟು ಜನರ ಎದುರು ನೈಟಿಯೂ ಸೋಪೂ ಮಿಕ್ಸಿ ಜಾರೂ ಹೊರಗೆ ಬೀಳುತ್ತವೆ, ದೇವರ ಸಾಮಾನು ಅಂದದ್ದು ಸುಳ್ಳು ಎಂದು ಈಕೆಗೆ ತಿಳಿಯುತ್ತದೆ. ಅಕ್ಕಾರ ಅನ್ನುತ್ತಿದ್ದವಳ ಎದುರು ಸಣ್ಣವಳಾಗಬೇಕಲ್ಲ ಎಂದು ನಾನು ವಿಮಾನಗಳ ಪಟ್ಟಿ ತೋರಿಸುವ ಪರದೆಯ ಕಡೆ ಕತ್ತೆತ್ತಿ ನಿಂತೆ.

ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಅನ್ನವನ್ನು ಕಸದ ಬುಟ್ಟಿಗೆ ಹಾಕುವ ಪೈಕಿಯವಳಲ್ಲ ಆಕೆ. ಉಂಡೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಸಾಲಿನಲ್ಲಿ ನಿಂತವರ ಹತ್ತಿರ ಹೋದಳು. "ತಿನ್ರಿ, ಮನ್ಯಾಗ ಮಾಡಿದ್ದು, ತಿನ್ರಿ." ಕೆಲವರು ಕೈ ಅಡ್ಡ ಮಾಡಿದರು. ಒಬ್ಬ ಮುದುಕ ತೆಗೆದುಕೊಂಡು ಕೈಮುಗಿದ. ದಾರಿ ತೋರಿಸಿದ್ದ ತಮಿಳು ಹೆಂಗಸು ಅಷ್ಟರಲ್ಲಿ ಈ ಮಹಡಿ ಗುಡಿಸಲು ಬಂದಿದ್ದಳು. ಅವಳಿಗೆ ಎರಡೂ ಕೈ ತುಂಬ ಕೊಟ್ಟಳು, ಅವಳ ಜೊತೆಗಾತಿಯರಿಗೂ ಕೊಟ್ಟಳು. ಹತ್ತು ಹನ್ನೆರಡು ಉಂಡೆ ಉಳಿದವು. ಅವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅದೇ ಹೆಂಗಸಿನ ಗಾಡಿಗೆ ತೂಗುಹಾಕಿದಳು. ಒಂದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ನೀವೂ ತಿನ್ರಿ ಅಕ್ಕಾರ. ಮುಂಜಾನಿಂದ ಬರೇ ಚಾ ಮ್ಯಾಲೆ ಅದೀರಿ."

ನಾನು ತಿಂದೆ. ಅಂಟು ಮಂಡಕ್ಕಿಯ ಹಾಗೆ ಅರಳಿ, ಹಲ್ಲಿಗೆ ಸಿಕ್ಕ ಕೂಡಲೇ ಪುಡಿಯಾಗುತ್ತಿತ್ತು. ತುಪ್ಪದ ವಾಸನೆ ಎಷ್ಟೋ ಹೊತ್ತು ಕೈಯಲ್ಲಿತ್ತು. ಖಾಲಿ ಡಬ್ಬಿಯನ್ನು ಒಳಗಿಟ್ಟು ತೂಗಿಸಿದರೆ ಇಪ್ಪತ್ತರ ಒಳಗೇ ಬಂತು.

ಸಿಂಗಪುರದಲ್ಲಿ ಆಕೆಯ ಬೆರಳು ಮತ್ತೆ ತಕರಾರು ಮಾಡಿತು. ಈ ಸಲ ನಾನು ಆಕೆಯ ಹಿಂದೆಯೇ ನಿಂತು, ಅಧಿಕಾರಿಗೆ ಹೇಳಿ, ಮುಗಿಯುವವರೆಗೂ ಕಾದೆ. ಅದರಿಂದ ಏನೂ ಸರಿಹೋಗಲಿಲ್ಲ. ಹೊರಗೆ ಆಕೆಯ ಅಳಿಯ ಬಂದಿದ್ದ, ನನ್ನ ತಂಗಿಯೂ ಬಂದಿದ್ದಳು. ಆಕೆ ಮೊದಲು ಪೆಟ್ಟಿಗೆ ಬಿಚ್ಚಿ ನನ್ನ ಗಂಟು ತೆಗೆದಳು.

"ನೋಡ್ಕೊಳ್ರಿ ಅಕ್ಕಾರ, ನೀವು ಕಟ್ಟಿದ್ದು ಹಂಗ ಐತಿ."

ತಂಗಿಯ ಮನೆಯಲ್ಲಿ ಗಂಟು ಬಿಚ್ಚಿದೆವು. ಜಾರು ನೋಡಿ ತಂಗಿ ನಕ್ಕಳು. "ಯಕ್ಕಾ, ನಮ್ಮ ಮಿಕ್ಸಿ ಬ್ಯಾರೆ, ಇದು ಕೂಡೋದಿಲ್ಲ. ಸೋಪು ಯಾಕ ತಂದಿ, ಇಲ್ಲಿ ಕೈಲೆ ಬಟ್ಟಿ ಯಾರು ತೊಳೀತಾರ?" ನಾನು ನೈಟಿ ಮಡಿಚಿಟ್ಟೆ. ಆ ಹಂಚಿನ ಮೇಲೆ ಮರುದಿನ ಅವಳು ರೊಟ್ಟಿ ಮಾಡಿದಳು. ಚೆನ್ನಾಗಿದೆ ಎಂದು ಎಲ್ಲರೂ ತಿಂದರು. ನನಗೆ ಒಂದು ರೊಟ್ಟಿ ಮುಗಿಸುವುದು ಕಷ್ಟವಾಯಿತು. ಹಲ್ಲುನೋವು ಅಂದೆ.

ಹೆಣ್ಣು ಕೂಸು ಹುಟ್ಟಿದ ಸುದ್ದಿ ಎಂಟು ದಿನದ ಮೇಲೆ ಆಕೆಯ ಅಳಿಯನಿಂದ ತಂಗಿಯ ಫೋನಿಗೆ ಬಂತು. ತಂಗಿಗೆ ಕಾರಣ ಹೇಳದೆ, ಭಾರತದ ಅಂಗಡಿಗಳಿರುವ ಪೇಟೆಗೆ ಕರೆದುಕೊಂಡು ಹೋಗು ಅಂದೆ. ಅಂಟು ಸಿಕ್ಕಿತು, ಕೊಬ್ಬರಿ, ಉತ್ತತ್ತಿ ಸಿಕ್ಕಿದವು, ತುಪ್ಪ ಡಬ್ಬಿಯದು. ಅಡುಗೆಮನೆಯಲ್ಲಿ ಮಧ್ಯಾಹ್ನವೆಲ್ಲ ನಿಂತು ಮಾಡಿದೆ. ತಂಗಿಯ ಕರೆಂಟಿನ ಒಲೆಯ ಉರಿ ನನಗೆ ಅಂದಾಜು ಸಿಗಲಿಲ್ಲ. ನಲವತ್ತು ಕಟ್ಟಿ ಎಣಿಸಿ ಡಬ್ಬಿಗೆ ತುಂಬಿ, ಎರಡು ರೈಲು ಬದಲಿಸಿ, ಆಕೆಯ ಮಗಳ ಮನೆಗೆ ಒಬ್ಬಳೇ ಹೋದೆ.

ಬಾಗಿಲು ತೆರೆದವಳು ಆಕೆಯೇ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಮೈಯಿಂದ ಬೆಳ್ಳುಳ್ಳಿ ಎಣ್ಣೆಯ ವಾಸನೆ. "ಬರ್ರಿ ಅಕ್ಕಾರ, ಬರ್ರಿ. ಈಗಷ್ಟ ಎರದು ಮಲಗಿಸಿನಿ ಇಬ್ಬರನ್ನೂ" ಎಂದು ದನಿ ತಗ್ಗಿಸಿ ಹೇಳಿ ಒಳಗೆ ಕರೆದಳು. ನಾನು ಡಬ್ಬಿ ಮುಂದಿಟ್ಟೆ. ಆಕೆ ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ಅಗಿದಳು, ನಾಲಿಗೆಯಿಂದ ಹಲ್ಲು ಸವರಿಕೊಂಡಳು.

"ಸಿಟ್ಟಾಗಬ್ಯಾಡ್ರಿ. ಅಂಟು ನಡುವ ಹಸಿ ಉಳದೈತಿ. ತುಪ್ಪ ಇನ್ನೂ ಕಾಯಬೇಕಿತ್ತು. ಹಸಿ ಬಾಣಂತಿಗೆ ಕೊಟ್ರ ಹೊಟ್ಟಿ ಕಟ್ಟತೈತ್ರಿ, ತಾಯಿದು ಕೂಸಿಗೂ ಹೋಗತೈತಿ."

"ಮತ್ತೆ ಏನು ಕೊಡಾಕ ಹತ್ತೀರಿ?" ಅಂದೆ.

"ಅಕ್ಕಿ ಗಂಜಿ, ಬೆಳ್ಳುಳ್ಳಿ ಸಾರು. ಡಾಕ್ಟ್ರು ಗುಳಿಗಿ ಕೊಟ್ಟಾರ. ನಡೀತೈತಿ." ಕೂಸಿನ ಬಟ್ಟೆಗಳ ರಾಶಿಯನ್ನು ಹತ್ತಿರ ಎಳೆದುಕೊಂಡು, "ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ ಅಂತಾಳ" ಅಂದಳು.

ಆಗ ನಾನು ಹೇಳಿದೆ. ದೇವರ ಸಾಮಾನಲ್ಲ, ಹಂಚು, ಜಾರು, ಸೋಪು. ಹಣ ಕಟ್ಟಿದರೆ ಬಿಡುತ್ತಿದ್ದರು, ಅದನ್ನೂ ಮುಚ್ಚಿಟ್ಟೆ. ಆಕೆಯನ್ನು ಕೋಣೆಗೆ ಕರೆದುಕೊಂಡು ಹೋದಾಗ ನೋಡಿಯೂ ಹೋದೆ. ಹೇಳುತ್ತಾ ನೆಲ ನೋಡುತ್ತಿದ್ದೆ, ಆಕೆಯ ಕೈ ಮಾತ್ರ ಕಾಣುತ್ತಿತ್ತು. ಅದು ಕೂಸಿನ ಬಟ್ಟೆ ಮಡಿಚುತ್ತಿತ್ತು, ನಿಲ್ಲಲಿಲ್ಲ.

"ಹಂಚು ಅಂತ ಗೊತ್ತಿತ್ತು ಬಿಡ್ರಿ. ಬೆಂಗಳೂರಾಗ ಎತ್ತಿಡುವಾಗ್ಲೇ ಹಿಡಿಕಿ ಕೈಗೆ ಹತ್ತಿತ್ತು."

"ಮತ್ಯಾಕ ತೆಗೀಲಿಲ್ಲ?"

"ಕೊಟ್ಟೋರು ನೀವು ಅಲ್ಲೇ ನಿಂತಿದ್ರಲ್ರಿ. ತೆಗಿ ಅಂತ ನೀವು ಅನ್ನಬೇಕು. ನಾ ಹೆಂಗ ತೆಗೀಲಿ? ನಿಮ್ಮ ಮುಖ ನೋಡಿದೆ. ನೀವು ಮ್ಯಾಲೆ ನೋಡಿದ್ರಿ." ಹೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ.

ಡಬ್ಬಿ ವಾಪಸ್ ಒಯ್ಯುತ್ತೇನೆ ಅಂದದ್ದಕ್ಕೆ ಆಕೆ ಒಪ್ಪಲಿಲ್ಲ. "ಇರ್ಲಿ ಬಿಡ್ರಿ, ಕೆಡಸಬಾರದು. ನಾ ತಿಂತೀನಿ, ನನಗೇನು ಆಗೋದಿಲ್ಲ." ಚಹಾ ಕೊಟ್ಟಳು. ಅದರಲ್ಲಿ ಶುಂಠಿ ಜಾಸ್ತಿ ಇತ್ತು. ಕುಡಿದು ಎದ್ದೆ.

ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಕೋಣೆಯಿಂದ ಮಗಳ ಸಣ್ಣ ದನಿ ಕೇಳಿಸಿತು. "ಯವ್ವಾ, ಯಾರು ಬಂದಿದ್ರು?"

"ನಮ್ಮ ಕಡೆಯೋರು ಮಗಳ, ಕೊಟ್ಟೂರವರು. ನನ್ನನ್ನ ಇಲ್ಲೀತನ ಕರಕೊಂಡು ಬಂದ್ರಲ್ಲ, ಅವರು. ನೀ ಮಲಗು."

ಲಿಫ್ಟ್ ಬರುವವರೆಗೆ ಅಲ್ಲಿ ನಿಲ್ಲಲಾಗಲಿಲ್ಲ. ಹನ್ನೊಂದು ಮಹಡಿ ಮೆಟ್ಟಿಲು ಇಳಿದು ಹೋದೆ.